ಎಸ್‌ಡಿರ್ಯಾಮ್ ಕ್ಲಾಕ್ ಫೇಸ್ ಸರಿಪಡಿಸುವುದು: ಮೊದಲು ಲೆಕ್ಕ, ಆಮೇಲೆ ಸ್ಕ್ಯಾನ್

ಎಫ್‌ಪಿಜಿಎಗೆ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಹುದಾದ ಐಸಿ) ಜೋಡಿಸಿದ ಎಸ್‌ಡಿರ್ಯಾಮ್ (ಕ್ಲಾಕ್‌ಗೆ ತಕ್ಕಂತೆ ನಡೆಯುವ ಮೆಮೊರಿ ಚಿಪ್) ತಪ್ಪು ಡೇಟಾ ಕೊಡತೊಡಗಿದರೆ ಹೆಚ್ಚಿನವರು ಮೊದಲು ಮಾಡುವುದು ಕ್ಲಾಕ್ ವೇಗ ಇಳಿಸುವುದು. 100 ಮೆಗಾಹರ್ಟ್ಸ್ ಇದ್ದದ್ದು 50 ಆಗುತ್ತದೆ, ತಪ್ಪು ಮಾತ್ರ ಹಾಗೇ ಇರುತ್ತದೆ, ಕೆಲವೊಮ್ಮೆ ಹೆಚ್ಚೂ ಆಗುತ್ತದೆ. ವೇಗ ಇಳಿಸಿದರೆ ಸರಿಹೋಗುವುದು ಸೆಟಪ್ ದೋಷ (ಕ್ಲಾಕ್ ಎಡ್ಜ್‌ಗೆ ಸಾಕಷ್ಟು ಮೊದಲೇ ಡೇಟಾ ಬಂದು ನಿಲ್ಲದಿರುವುದು) ಮಾತ್ರ. ಹೋಲ್ಡ್ ದೋಷಕ್ಕೂ (ಎಡ್ಜ್ ಆದಮೇಲೆ ಡೇಟಾ ತೀರಾ ಬೇಗ ಬದಲಾಗುವುದು) ಕ್ಲಾಕ್ ಅವಧಿಗೂ ಸಂಬಂಧವೇ ಇಲ್ಲ. ಎಸ್‌ಡಿರ್ಯಾಮ್ ಬೋರ್ಡ್‌ಗಳಲ್ಲಿ ಫೇಸ್ (ಚಿಪ್‌ಗೆ ಹೋಗುವ ಕ್ಲಾಕ್ ಒಳಗಿನ ಕ್ಲಾಕ್‌ಗಿಂತ ಎಷ್ಟು ಸರಿದಿದೆ ಎಂಬುದು) ತಪ್ಪಿದಾಗ ಸಾಮಾನ್ಯವಾಗಿ ಕಾಡುವುದು ಈ ಹೋಲ್ಡ್ ದೋಷವೇ.

ಲೆಕ್ಕಕ್ಕೆ ಬೇಕಾದ ಅಂಕಿಗಳು ಹೆಚ್ಚಿಲ್ಲ. 133 ಮೆಗಾಹರ್ಟ್ಸ್ ದರ್ಜೆಯ ಚಿಪ್‌ನ ಡೇಟಾಶೀಟ್‌ನಲ್ಲಿ ಸಾಮಾನ್ಯವಾಗಿ ಸಿಗುವ ಬೆಲೆಗಳು ಇವು: ಸೆಟಪ್ 1.5 ನ್ಯಾನೋಸೆಕೆಂಡ್, ಹೋಲ್ಡ್ 0.8, ಕ್ಯಾಸ್ ಲೇಟೆನ್ಸಿ (ಓದುವ ಕಮಾಂಡ್‌ನಿಂದ ಡೇಟಾ ಬರುವವರೆಗಿನ ಕ್ಲಾಕ್‌ಗಳು) 3 ಇದ್ದಾಗ ಆಕ್ಸೆಸ್ ಸಮಯ (ಎಡ್ಜ್‌ನಿಂದ ಡೇಟಾ ಹೊರಬರುವವರೆಗೆ) 5.4, ಔಟ್‌ಪುಟ್ ಹೋಲ್ಡ್ (ಎಡ್ಜ್ ನಂತರ ಹಳೆಯ ಡೇಟಾ ಉಳಿಯುವ ಸಮಯ) 2.7. ನಿಮ್ಮ ಚಿಪ್‌ನ ಬೆಲೆ ಅದರ ಡೇಟಾಶೀಟ್‌ನಿಂದಲೇ ತೆಗೆಯಿರಿ. ಬೋರ್ಡ್ ಮೇಲಿನ 5 ಸೆಂಟಿಮೀಟರ್ ಟ್ರೇಸ್‌ಗೆ (ತಾಮ್ರದ ದಾರಿ) 0.3 ನ್ಯಾನೋಸೆಕೆಂಡ್ ಹಿಡಿಯಿರಿ. ಎಫ್‌ಪಿಜಿಎ ಬದಿಯವು ಟೈಮಿಂಗ್ ರಿಪೋರ್ಟ್‌ನಲ್ಲಿರುತ್ತವೆ. ಉದಾಹರಣೆಗೆ ಡೇಟಾ ಪಿನ್‌ಗೆ ಬರುವ ವಿಳಂಬ 1.0ರಿಂದ 3.5, ಇನ್‌ಪುಟ್ ಸೆಟಪ್ 1.0, ಇನ್‌ಪುಟ್ ಹೋಲ್ಡ್ 0.5 ಎಂದಿಟ್ಟುಕೊಳ್ಳೋಣ.

ಚಿಪ್‌ನ ಪಿನ್‌ನಲ್ಲಿ ಕ್ಲಾಕ್ ಎಡ್ಜ್, ಒಳಗಿನ ಸಿಸ್ಟಂ ಕ್ಲಾಕ್ ಎಡ್ಜ್‌ಗಿಂತ ಎಷ್ಟು ಹಿಂದೆ ಅಥವಾ ಮುಂದೆ ಎಂಬುದಷ್ಟೇ ಪ್ರಶ್ನೆ. ಅದಕ್ಕೆ 'ಎಸ್' ಎನ್ನೋಣ. ಮೈನಸ್ ಎಂದರೆ ಚಿಪ್‌ನ ಎಡ್ಜ್ ಮೊದಲು ಬರುತ್ತದೆ. 100 ಮೆಗಾಹರ್ಟ್ಸ್‌ನಲ್ಲಿ, ಅಂದರೆ 10 ನ್ಯಾನೋಸೆಕೆಂಡ್ ಅವಧಿಗೆ, ನಾಲ್ಕು ಮಿತಿಗಳು ಬರುತ್ತವೆ:

ಬರೆಯುವಾಗ ಸೆಟಪ್: 3.5 + 0.3 + 1.5 − 10, ಅಂದರೆ ಎಸ್ −4.7ಕ್ಕಿಂತ ಕೆಳಗಿಳಿಯಬಾರದು.
ಬರೆಯುವಾಗ ಹೋಲ್ಡ್: 1.0 + 0.3 − 0.8, ಎಸ್ 0.5 ದಾಟಬಾರದು.
ಓದುವಾಗ ಸೆಟಪ್: 10 − 5.4 − 0.3 − 1.0, ಎಸ್ 3.3 ದಾಟಬಾರದು.
ಓದುವಾಗ ಹೋಲ್ಡ್: 0.5 − 2.7 − 0.3, ಎಸ್ −2.5ಕ್ಕಿಂತ ಕೆಳಗಿಳಿಯಬಾರದು.

ಉಳಿಯುವ ಕಿಂಡಿ −2.5ರಿಂದ 0.5ರವರೆಗೆ. ಎರಡೂ ತುದಿ ಹೋಲ್ಡ್‌ನವು. ಅವಧಿಯ 10 ಅವುಗಳಲ್ಲಿ ಎಲ್ಲೂ ಇಲ್ಲ. ನಡುವೆ, −1.0ಕ್ಕೆ ಎಡ್ಜ್ ಕೂರಬೇಕು. ಕ್ಲಾಕ್ ಪಿನ್‌ಗೆ ಬರುವ ವಿಳಂಬ (ಉದಾಹರಣೆಗೆ 2.0) ಮತ್ತು ಟ್ರೇಸ್‌ನ 0.3 ಕಳೆದರೆ ಪಿಎಲ್‌ಎಲ್‌ಗೆ (ಎಫ್‌ಪಿಜಿಎ ಒಳಗೆ ಕ್ಲಾಕ್ ತಯಾರಿಸುವ ಭಾಗ) ಕೊಡಬೇಕಾದ ಫೇಸ್ −3.3 ನ್ಯಾನೋಸೆಕೆಂಡ್. ಆಲ್ಟೆರಾದ ಡಿಇ2 ಬೋರ್ಡ್ ಟ್ಯುಟೋರಿಯಲ್‌ನಲ್ಲಿ ಎಸ್‌ಡಿರ್ಯಾಮ್ ಕ್ಲಾಕ್ 3 ನ್ಯಾನೋಸೆಕೆಂಡ್ ಮುಂಚೆ ಬರಲಿ ಎಂದಿರುವುದೂ ಇದೇ ಆಸುಪಾಸಿನ ಬೆಲೆ. ಆ 3ನ್ನು ಎಲ್ಲ ಬೋರ್ಡ್‌ಗೂ ನಕಲು ಮಾಡುವುದು ಸರಿಯಲ್ಲ. ನಿಮ್ಮ ಲೆಕ್ಕವನ್ನು ಫಾಸ್ಟ್ ಮತ್ತು ಸ್ಲೋ ಕಾರ್ನರ್ (ವಿಳಂಬ ಅತಿ ಕಡಿಮೆ ಮತ್ತು ಅತಿ ಹೆಚ್ಚು ಇರುವ ಸ್ಥಿತಿಗಳು) ಎರಡಕ್ಕೂ ಬೇರೆಬೇರೆ ಮಾಡಿ.

ಫೇಸನ್ನು ಡಿಗ್ರಿಯಲ್ಲಿ ಅಲ್ಲ, ನ್ಯಾನೋಸೆಕೆಂಡ್‌ನಲ್ಲೇ ಬರೆದಿಡಿ. −119 ಡಿಗ್ರಿ ಎಂದು ಹಾಕಿ 50 ಮೆಗಾಹರ್ಟ್ಸ್‌ಗೆ ಇಳಿದರೆ ಅದು −6.6 ನ್ಯಾನೋಸೆಕೆಂಡ್ ಆಗಿ, ಎಸ್ −4.3ಕ್ಕೆ ಇಳಿದು ಕಿಂಡಿಯಿಂದಲೇ ಆಚೆ ಬೀಳುತ್ತದೆ. ವೇಗ ಇಳಿಸಿದಾಗ ತಪ್ಪು ಹೆಚ್ಚುವುದು ಹೀಗೆ.

ಎಫ್‌ಪಿಜಿಎ ವಿನ್ಯಾಸ ಕಂಪೈಲ್ ಮಾಡುವ ಟೂಲ್‌ಗೆ ಇದನ್ನೆಲ್ಲ ಹೇಳದಿದ್ದರೆ ಪ್ರತಿ ಕಂಪೈಲ್‌ಗೂ ವಿಳಂಬ ಬದಲಾಗುತ್ತದೆ. ಕ್ಲಾಕ್ ಪಿನ್ ಮೇಲೆ ಜನರೇಟೆಡ್ ಕ್ಲಾಕ್ (ಪಿಎಲ್‌ಎಲ್‌ನಿಂದ ಹುಟ್ಟಿದ ಕ್ಲಾಕ್ ಎಂಬ ಸೂಚನೆ) ಡಿಫೈನ್ ಮಾಡಿ. ಡೇಟಾ, ಕ್ಲಾಕ್ ಎರಡರ ಟ್ರೇಸ್ ಉದ್ದ ಒಂದೇ ಇದ್ದರೆ ಔಟ್‌ಪುಟ್ ಡಿಲೇ ಗರಿಷ್ಠ 1.5, ಕನಿಷ್ಠ −0.8. ಇನ್‌ಪುಟ್ ಡಿಲೇಗೆ ಹೋಗಿಬರುವ ಎರಡೂ ಟ್ರೇಸ್ ಸೇರುತ್ತವೆ: ಗರಿಷ್ಠ 6.0, ಕನಿಷ್ಠ 3.3. ಓದುವ ದಾರಿಗೆ ಸೆಟಪ್ ಮಲ್ಟಿಸೈಕಲ್ 2 (ಡೇಟಾವನ್ನು ಎರಡನೇ ಎಡ್ಜ್‌ನಲ್ಲಿ ಹಿಡಿಯಬೇಕೆಂಬ ಸೂಚನೆ) ಕೊಡಿ, ಇಲ್ಲದಿದ್ದರೆ −3.3ಕ್ಕೆ ಹೊರಟ ಡೇಟಾವನ್ನು 0ಯಲ್ಲೇ ಹಿಡಿಯಬೇಕು ಎಂದು ಟೂಲ್ ಭಾವಿಸುತ್ತದೆ. ಹೋಲ್ಡ್‌ಗೆ ಮಲ್ಟಿಸೈಕಲ್ ಕೊಡಬೇಡಿ. ಕೊಟ್ಟರೆ ನಿಜವಾದ ಹೋಲ್ಡ್ ದೋಷ ರಿಪೋರ್ಟ್‌ನಿಂದಲೇ ಮಾಯ.

ಡೇಟಾ, ಅಡ್ರೆಸ್, ಕಮಾಂಡ್ ರಿಜಿಸ್ಟರ್‌ಗಳು ಪಿನ್ ಪಕ್ಕದ ಐಒ ಸೆಲ್‌ನಲ್ಲೇ ಕೂರಬೇಕು. ಒಂದೇ ಬಿಟ್ ಕೆಡುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನು, ಆಮೇಲೆ ಬೆಸುಗೆ. ಕ್ಲಾಕನ್ನು ಸಾಮಾನ್ಯ ತಂತಿಯಂತೆ ಹೊರಗೆ ಬಿಡದೆ, ಡಿಡಿಆರ್ ಔಟ್‌ಪುಟ್ ರಿಜಿಸ್ಟರ್‌ಗೆ 1 ಮತ್ತು 0 ಕಟ್ಟಿ ಅದರಿಂದ ಹೊರಡಿಸಿ. ಕ್ಲಾಕ್ ಪಿನ್ ಬುಡದಲ್ಲಿ 22 ಅಥವಾ 33 ಓಮ್ ಸರಣಿ ರೆಸಿಸ್ಟರ್ ಇರಲಿ. ಎಡ್ಜ್‌ನಲ್ಲಿ ರಿಂಗಿಂಗ್ (ಸಿಗ್ನಲ್‌ನ ಅಲುಗಾಟ) ಇದ್ದರೆ ಚಿಪ್ ಒಂದೇ ಎಡ್ಜನ್ನು ಎರಡು ಸಲ ಎಣಿಸಬಹುದು, ಆಗ ಯಾವ ಫೇಸೂ ಕೈಹಿಡಿಯದು. ಸ್ಕೋಪ್‌ನಲ್ಲಿ ನೋಡುವಾಗ ಉದ್ದನೆಯ ಗ್ರೌಂಡ್ ತಂತಿ ತೆಗೆದು ಸ್ಪ್ರಿಂಗ್ ಹಾಕಿ. ಇಲ್ಲದ ರಿಂಗಿಂಗ್ ತೋರಿಸುವುದು ಹಲವು ಸಲ ಆ ತಂತಿಯೇ.

ಇನ್ನು ಸ್ಕ್ಯಾನ್, ಅಂದರೆ ಫೇಸನ್ನು ಹೆಜ್ಜೆಹೆಜ್ಜೆಯಾಗಿ ಸರಿಸಿ ಪರೀಕ್ಷಿಸುವುದು. ಆಲ್ಟೆರಾದ ಸೈಕ್ಲೋನ್ 4 ಎಫ್‌ಪಿಜಿಎಯ ಪಿಎಲ್‌ಎಲ್ ಫೇಸನ್ನು ವಿಸಿಒ (ಅದರೊಳಗಿನ ಆಸಿಲೇಟರ್) ಅವಧಿಯ ಎಂಟನೇ ಒಂದರಷ್ಟು ಹೆಜ್ಜೆಯಲ್ಲಿ ಸರಿಸುತ್ತದೆ. ವಿಸಿಒ 1000 ಮೆಗಾಹರ್ಟ್ಸ್ ಆದರೆ ಹೆಜ್ಜೆಗೆ 125 ಪಿಕೋಸೆಕೆಂಡ್, 10 ನ್ಯಾನೋಸೆಕೆಂಡ್‌ನ ಪೂರ್ತಿ ಸುತ್ತಿಗೆ 80 ಹೆಜ್ಜೆ. ಪ್ರತಿ ಹೆಜ್ಜೆಯಲ್ಲೂ ಚಿಪ್‌ಗೆ ಪೂರ್ತಿ ಇನಿಶಿಯಲೈಸೇಶನ್ ಮತ್ತೆ ಮಾಡಿಸಿ: ಡೇಟಾಶೀಟ್ ಹೇಳುವ 100 ಅಥವಾ 200 ಮೈಕ್ರೋಸೆಕೆಂಡ್ ಕಾಯುವುದು, ಪ್ರೀಚಾರ್ಜ್ ಆಲ್ (ಎಲ್ಲ ಬ್ಯಾಂಕ್ ಮುಚ್ಚುವುದು), ರಿಫ್ರೆಶ್ (ಮೆಮೊರಿ ಕೋಶಗಳ ಚಾರ್ಜ್ ಮತ್ತೆ ತುಂಬುವುದು), ಮೋಡ್ ರಿಜಿಸ್ಟರ್ (ಲೇಟೆನ್ಸಿಯಂಥ ಸೆಟ್ಟಿಂಗ್ ಇರುವ ಜಾಗ). ಇದನ್ನು ಬಿಟ್ಟರೆ, ಕೆಟ್ಟ ಫೇಸ್‌ನಲ್ಲಿ ಹೋದ ಕಮಾಂಡ್ ಮೋಡ್ ರಿಜಿಸ್ಟರನ್ನು ಕೆಡಿಸಿ, ಮುಂದಿನ ಒಳ್ಳೆಯ ಹೆಜ್ಜೆಗಳೂ ಫೇಲ್ ಎಂದು ತೋರಿಸುತ್ತವೆ. ಪರೀಕ್ಷೆಗೆ 5555 ಮತ್ತು ಎಎಎಎ ಸಾಲದು. 0000 ಮತ್ತು ಎಫ್‌ಎಫ್‌ಎಫ್‌ಎಫ್ ಬದಲಾಟ, ಸ್ಯೂಡೋ ರ‍್ಯಾಂಡಮ್ ಡೇಟಾ, ಅಡ್ರೆಸ್ಸನ್ನೇ ಡೇಟಾ ಆಗಿ ಬರೆಯುವುದು, ಇಷ್ಟೂ ಇರಲಿ. ಪಾಸ್ ಆದ ಹೆಜ್ಜೆಗಳ ನಡುವಿನದನ್ನು ಆರಿಸಿ. ಅಳತೆಯ ಕಿಂಡಿ ಸಾಮಾನ್ಯವಾಗಿ ಲೆಕ್ಕದ್ದಕ್ಕಿಂತ ಅಗಲವಾಗಿಯೇ ಇರಬೇಕು, ಏಕೆಂದರೆ ಡೇಟಾಶೀಟ್ ಹೇಳುವುದು ಅತಿ ಕೆಟ್ಟ ಸ್ಥಿತಿಯನ್ನು. ಅಗಲ ಲೆಕ್ಕಕ್ಕಿಂತ ಕಡಿಮೆ ಬಂದರೆ ಪವರ್ ಅಥವಾ ಸಿಗ್ನಲ್ ತೊಂದರೆ ಹುಡುಕಿ.

ತಪ್ಪು ಬರೆಯುವಾಗ ಆದದ್ದೋ ಓದುವಾಗಲೋ ತಿಳಿಯಲು ಒಂದೇ ಅಡ್ರೆಸ್ಸನ್ನು ನೂರು ಸಲ ಓದಿ. ಪ್ರತಿ ಸಲ ಬೇರೆ ಬಂದರೆ ಓದುವ ದಾರಿ; ಅದೇ ತಪ್ಪು ಬೆಲೆ ಪದೇಪದೇ ಬಂದರೆ ಬಹುತೇಕ ಬರೆಯುವ ದಾರಿ. ಬರ್ಸ್ಟ್‌ನ (ಒಂದೇ ಕಮಾಂಡ್‌ಗೆ ಸಾಲಾಗಿ ಬರುವ ಡೇಟಾ) ಎಲ್ಲ ಪದಗಳೂ ಒಂದು ಸ್ಥಾನ ಸರಿದಿದ್ದರೆ ಫೇಸ್ ಮುಟ್ಟಬೇಡಿ, ಕಂಟ್ರೋಲರ್ ಒಂದು ಕ್ಲಾಕ್ ಮೊದಲೋ ತಡವಾಗಿಯೋ ಹಿಡಿಯುತ್ತಿದೆ. ಬರೆದ ತಕ್ಷಣ ಸರಿಯಿದ್ದು ಕೆಲವು ಸೆಕೆಂಡ್ ಬಿಟ್ಟು ಓದಿದಾಗ ಕೆಟ್ಟಿದ್ದರೆ ರಿಫ್ರೆಶ್ ನೋಡಿ: ಹಲವು ಚಿಪ್‌ಗಳಲ್ಲಿ 64 ಮಿಲಿಸೆಕೆಂಡ್‌ಗೆ 8192, ಅಂದರೆ ಸುಮಾರು 7.8 ಮೈಕ್ರೋಸೆಕೆಂಡ್‌ಗೊಂದು.

ಆರಿಸಿದ ಫೇಸ್‌ನಲ್ಲಿ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಫ್ರೀಜ್ ಸ್ಪ್ರೇಯಿಂದ ತಣ್ಣಗೆ ಮಾಡಿ, ಎರಡರಲ್ಲೂ ಸ್ಕ್ಯಾನ್ ಮತ್ತೆ ಓಡಿಸಿ. ಕಿಂಡಿ ಜರುಗುತ್ತದೆ, ಮೂರೂ ಸ್ಕ್ಯಾನ್‌ಗೆ ಸಮಾನವಾಗಿ ಸಿಕ್ಕ ಭಾಗದ ನಡುವನ್ನು ಅಂತಿಮವಾಗಿ ಬರೆದಿಡಿ. 133 ಮೆಗಾಹರ್ಟ್ಸ್‌ನಲ್ಲೂ ಮೇಲಿನ ಲೆಕ್ಕ −2.2ರಿಂದ 0.5 ಕೊಡುತ್ತದೆ, ಆರಾಮ. 166ಕ್ಕೆ ಹೋದರೆ ಸೆಟಪ್ ಮಿತಿಗಳೆರಡೂ −0.7ಕ್ಕೆ ಬಂದು ಕೂಡುತ್ತವೆ, ಕಿಂಡಿಯೇ ಉಳಿಯುವುದಿಲ್ಲ. ಅಲ್ಲಿಗೆ ಬೇಕಾದದ್ದು ಆಕ್ಸೆಸ್ ಸಮಯ ಕಡಿಮೆ ಇರುವ, 166ರ ದರ್ಜೆಯ ಚಿಪ್ ಮತ್ತು ವಿಳಂಬ ಕಡಿಮೆ ಇರುವ ಎಫ್‌ಪಿಜಿಎ ಸ್ಪೀಡ್ ಗ್ರೇಡ್.