ಬ್ರಿಸ್ಬೇನ್‌ನ ಹಿತ್ತಲಿನಲ್ಲಿ ಹಕ್ಕಿಗಳಿಗೆ ಆಹಾರ ಇಡುವ ಕ್ರಮ

ಬ್ರಿಟನ್ನಿನಲ್ಲಿ ಪಕ್ಷಿ ಸಂರಕ್ಷಣಾ ಸಂಸ್ಥೆಗಳೇ ಮನೆಯಂಗಳದಲ್ಲಿ ಕಾಳು ಹಾಕುವಂತೆ ಜನರನ್ನು ಹುರಿದುಂಬಿಸುತ್ತ ಬಂದಿವೆ. ಆಸ್ಟ್ರೇಲಿಯಾದಲ್ಲಿ ಮಾತ್ರ ಸರ್ಕಾರಿ ಇಲಾಖೆಗಳೂ ವನ್ಯಜೀವಿ ಸಂಘಟನೆಗಳೂ ಹಾಕಬೇಡಿ ಎಂದೇ ಬಹುಕಾಲದಿಂದ ಹೇಳುತ್ತಿವೆ. ಆದರೂ ಅಲ್ಲಿನ ಮೂರರಲ್ಲಿ ಒಂದು ಮನೆಯಾದರೂ ಹಕ್ಕಿಗಳಿಗೆ ಏನನ್ನಾದರೂ ಇಡುತ್ತಲೇ ಇದೆ. ನಗರದ ಮ್ಯಾಗ್‌ಪೈ ಮತ್ತು ಬ್ರಷ್ ಟರ್ಕಿ ಹಕ್ಕಿಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ, ಬ್ರಿಸ್ಬೇನ್‌ನ ಗ್ರಿಫಿತ್ ವಿಶ್ವವಿದ್ಯಾಲಯದ ಪರಿಸರವಿಜ್ಞಾನಿ ಡ್ಯಾರಿಲ್ ಜೋನ್ಸ್ ಈ ವೈರುಧ್ಯವನ್ನೇ ಸಂಶೋಧನೆಗೆ ಎತ್ತಿಕೊಂಡರು. ಹೇಗಿದ್ದರೂ ಹಾಕುವವರಿಗೆ ಬೇಡವೆಂದು ಗದರುವ ಬದಲು ಹಾನಿಯಾಗದಂತೆ ಹಾಕುವುದನ್ನು ಕಲಿಸುವುದೇ ಮೇಲು ಎಂಬುದು ಅವರು ತಲುಪಿದ ನಿಲುವು. ಆ ನಗರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಉಪಯೋಗವಾಗುವಂತೆ ಈ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಒಂದು ಭ್ರಮೆಯನ್ನು ಬಿಡಬೇಕು. ನಾವು ಇಡದಿದ್ದರೆ ಹಕ್ಕಿಗಳು ಉಪವಾಸ ಬೀಳುವುದಿಲ್ಲ. ಬ್ರಿಸ್ಬೇನ್‌ನಲ್ಲಿ ಹಿಮ ಬೀಳುವುದಿಲ್ಲ, ಹೂವು ಮತ್ತು ಹುಳುಗಳು ವರ್ಷವಿಡೀ ಸಿಗುತ್ತವೆ. ಜನರು ಆಹಾರ ಇಡುವ ಮನೆಗಳ ಸುತ್ತಲಿನ ಮ್ಯಾಗ್‌ಪೈಗಳನ್ನು ಜೋನ್ಸ್ ಮತ್ತು ಸಹೋದ್ಯೋಗಿಗಳು ಗಮನಿಸಿದಾಗ, ಕೈಗೆಟಕುವಷ್ಟು ಹತ್ತಿರದಲ್ಲಿ ತಿನಿಸು ಇದ್ದರೂ ಅವು ಮರಿಗಳಿಗಾಗಿ ಹೆಚ್ಚಾಗಿ ಹುಲ್ಲಿನ ಹುಳುಗಳನ್ನೇ ಹೆಕ್ಕಿ ತರುತ್ತಿದ್ದುದು ಕಂಡುಬಂದಿತು. ಹಕ್ಕಿಗೆ ಆಹಾರ ಇಡುವುದು ಮುಖ್ಯವಾಗಿ ನಮ್ಮ ಸಂತೋಷಕ್ಕಾಗಿ. ಇದನ್ನು ಒಪ್ಪಿಕೊಂಡರೆ ಎಷ್ಟು ಇಡಬೇಕೆಂಬ ಪ್ರಶ್ನೆಗೆ ಉತ್ತರವೂ ಸಿಕ್ಕಂತೆ: ಬಂದ ಹಕ್ಕಿ ಕೆಲವೇ ನಿಮಿಷಗಳಲ್ಲಿ ತಿಂದು ಮುಗಿಸಿ ಹಾರಿಹೋಗುವಷ್ಟು ಮಾತ್ರ, ಅದೂ ದಿನವೂ ಅಲ್ಲ.

ಒಂದನ್ನೇ ಮಾಡಲು ಸಾಧ್ಯವಿದ್ದರೆ ನೀರನ್ನು ಇಡಿ ಎಂದು ನಾನು ಹೇಳುತ್ತೇನೆ. ಕಾಳಿಗೆ ಬಾರದ ಹಕ್ಕಿಯೂ ನೀರಿಗೆ ಬರುತ್ತದೆ, ನೀರು ಯಾವ ಹಕ್ಕಿಯ ಆಹಾರಕ್ರಮವನ್ನೂ ಕೆಡಿಸುವುದಿಲ್ಲ. ಅಗಲವಾದ, ಆಳವಿಲ್ಲದ, ಒರಟು ತಳದ ಮಣ್ಣಿನ ತಟ್ಟೆ ಸಾಕು; ಸಣ್ಣ ಹಕ್ಕಿಗಳು ಕೂರಲು ಅದರ ನಡುವೆ ಒಂದು ಕಲ್ಲನ್ನಿಡಿ. ಬೆಕ್ಕಿಗೆ ಎಟುಕದಂತೆ ತಟ್ಟೆಯನ್ನು ನೆಲದಿಂದ ಎತ್ತರದಲ್ಲಿ, ಆದರೆ ಹೆದರಿದ ಹಕ್ಕಿ ಹಾರಿ ಅಡಗಿಕೊಳ್ಳಲು ಪೊದೆಯೊಂದು ಹತ್ತಿರದಲ್ಲೇ ಇರುವಂತಹ ನೆರಳಿನ ಜಾಗದಲ್ಲಿ ಇಡಬೇಕು.

ಆಹಾರದ ವಿಷಯಕ್ಕೆ ಬಂದರೆ, ಊರಿನಲ್ಲಿ ಕಾಗೆಗೆ ಅನ್ನ ಇಡುವ ರೂಢಿಯಿದ್ದವರು ಅಲ್ಲಿಯೂ ಉಳಿದ ಅನ್ನವನ್ನು ಹಿತ್ತಲಿನ ಗೋಡೆಯ ಮೇಲೆ ಇಡುವುದುಂಟು. ಉಪ್ಪು, ಎಣ್ಣೆ, ಒಗ್ಗರಣೆ ಸೇರಿದ ಅನ್ನವನ್ನು ಯಾವ ಹಕ್ಕಿಗೂ ಇಡಬಾರದು. ಬ್ರೆಡ್ಡೂ ಬೇಡ. ಮ್ಯಾಗ್‌ಪೈ, ಕುಕಬರಾ, ಬುಚರ್‌ಬರ್ಡ್‌ಗಳಿಗೆ ಅಲ್ಲಿನ ಜನರು ಸಾಮಾನ್ಯವಾಗಿ ಹಾಕುವ ಕೊಚ್ಚಿದ ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ತೀರ ಕಡಿಮೆ. ಅದು ಕೊಕ್ಕಿಗೆ ಅಂಟಿಕೊಂಡು ಕೊಳೆಯುವುದೂ ಉಂಟು. ಅದರ ಬದಲು ಹುಳು ತಿನ್ನುವ ಹಕ್ಕಿಗಳಿಗೆಂದೇ ಅಂಗಡಿಯಲ್ಲಿ ಸಿಗುವ ಮಿಶ್ರಣವನ್ನು ಒಂದು ಚಮಚದಷ್ಟು ಇಟ್ಟರೆ ಸಾಕು. ರೇನ್‌ಬೋ ಲಾರಿಕೀಟ್ ಎಂಬ ಬಣ್ಣಬಣ್ಣದ ಗಿಳಿಯ ನಾಲಿಗೆಯ ತುದಿಯಲ್ಲಿ ಮಕರಂದ ಹೀರಲೆಂದೇ ಕುಂಚದಂತಹ ರಚನೆಯಿದೆ. 2015ರಲ್ಲಿ ಬ್ರಿಸ್ಬೇನ್‌ನ ಉತ್ತರಕ್ಕಿರುವ ಎಲಿಂಬಾದ ಹಿತ್ತಲೊಂದರಲ್ಲಿ ಈ ಹಕ್ಕಿಗಳು ಮಾಂಸ ತಿನ್ನುತ್ತಿವೆ ಎಂಬ ಸುದ್ದಿ ಬಂದಾಗ ಜೋನ್ಸ್ ಅವರೇ ಬೆರಗಾದರು. ಇಟ್ಟದ್ದನ್ನು ಹಕ್ಕಿ ತಿಂದಿತೆಂದ ಮಾತ್ರಕ್ಕೆ ಅದು ಹಕ್ಕಿಗೆ ಹಿತವೆಂದು ತಿಳಿಯಬಾರದು. ಲಾರಿಕೀಟ್‌ಗಳನ್ನು ಕರೆಯಲು ಜೇನು ಸವರಿದ ಬ್ರೆಡ್ಡಿಗಿಂತ ಬಾಟಲ್‌ಬ್ರಷ್ ಅಥವಾ ಬ್ಯಾಂಕ್ಸಿಯಾ ಗಿಡ ನೆಡುವುದೇ ಉತ್ತಮ. ಗೋಲ್ಡ್ ಕೋಸ್ಟ್‌ನ ಕರಂಬಿನ್‌ನಲ್ಲಿ ಹೂ ಬೆಳೆಗಾರ ಅಲೆಕ್ಸ್ ಗ್ರಿಫಿತ್ಸ್ 1947ರಲ್ಲಿ ಲಾರಿಕೀಟ್‌ಗಳಿಗೆ ಆಹಾರ ಇಡತೊಡಗಿದ್ದು ಪ್ರೀತಿಯಿಂದೇನಲ್ಲ, ತನ್ನ ಹೂತೋಟವನ್ನು ಅವುಗಳಿಂದ ಉಳಿಸಿಕೊಳ್ಳಲು. ಅದೇ ಮುಂದೆ ಪ್ರಸಿದ್ಧ ವನ್ಯಜೀವಿ ಧಾಮವಾಗಿ ಬೆಳೆಯಿತು.

ಎಲ್ಲಕ್ಕಿಂತ ಹೆಚ್ಚು ಕಟ್ಟುನಿಟ್ಟಾಗಿರಬೇಕಾದದ್ದು ಶುಚಿತ್ವದಲ್ಲಿ. ಬೇರೆಲ್ಲೂ ಒಟ್ಟಿಗೆ ಸೇರದ ಹಕ್ಕಿಗಳು ಒಂದೇ ತಟ್ಟೆಗೆ ಕೊಕ್ಕು ಹಾಕುವಾಗ ಒಂದರ ರೋಗ ಹಲವಕ್ಕೆ ತಗಲುತ್ತದೆ. ಬ್ರಿಟನ್ನಿನಲ್ಲಿ ಟ್ರೈಕೊಮೊನೋಸಿಸ್ ಎಂಬ ಗಂಟಲ ರೋಗ ಹರಡಿ ಗ್ರೀನ್‌ಫಿಂಚ್ ಎಂಬ ಸಣ್ಣ ಹಕ್ಕಿಗಳ ಸಂಖ್ಯೆ 2009ರ ವೇಳೆಗೆ ಸುಮಾರು 43 ಲಕ್ಷದಿಂದ 28 ಲಕ್ಷಕ್ಕೆ ಕುಸಿಯಿತು. ಆಸ್ಟ್ರೇಲಿಯಾದ ಗಿಳಿ ಜಾತಿಗಳನ್ನು ಕಾಡುವುದು ಕೊಕ್ಕು ಮತ್ತು ಗರಿಗಳಿಗೆ ತಗಲುವ ವೈರಾಣು ರೋಗ. ಗರಿ ಉದುರಿ ಹಾರಲಾಗದೆ ನೆಲದಲ್ಲಿ ಓಡಾಡುವ ಎಳೆಯ ಲಾರಿಕೀಟ್‌ಗಳು ಹಲವು ವೇಳೆ ಇದರ ಬಲಿಗಳೇ. ಆದ್ದರಿಂದ ಆಹಾರದ ತಟ್ಟೆಯನ್ನು ಪ್ರತಿ ಸಲವೂ ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ, ಉಳಿದದ್ದನ್ನು ಕಸಕ್ಕೆ ಹಾಕಬೇಕು. ಬಿರುಕು ಬಿಟ್ಟ ಮರದ ಹಲಗೆಯನ್ನು ಹಾಗೆ ತೊಳೆಯಲಾಗದು. ಲೋಹ ಅಥವಾ ಮೆರುಗು ಹಚ್ಚಿದ ಪಿಂಗಾಣಿ ತಟ್ಟೆ ವಾಸಿ. ಗರಿ ಕೆದರಿ ಮಂಕಾಗಿ ಕುಳಿತ ಹಕ್ಕಿ ಕಂಡ ಕೂಡಲೇ ಎಲ್ಲವನ್ನೂ ತೆಗೆದಿಟ್ಟು, ವನ್ಯಜೀವಿ ರಕ್ಷಣಾ ತಂಡಕ್ಕೆ ತಿಳಿಸಿ.

ಯಾವ ಹಕ್ಕಿ ಬರುತ್ತಿದೆ ಎಂಬುದನ್ನೂ ಬರೆದಿಡಿ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಜೋಸಿ ಗಾಲ್‌ಬ್ರೈತ್ ಮತ್ತು ಸಂಗಡಿಗರು 18 ತಿಂಗಳ ಕಾಲ ಆಯ್ದ ಮನೆಗಳಲ್ಲಿ ಬ್ರೆಡ್ಡು ಮತ್ತು ಕಾಳು ಹಾಕಿಸಿ ಪರೀಕ್ಷಿಸಿದಾಗ, ಹೊರಗಿನಿಂದ ಬಂದು ನೆಲೆಸಿದ ಗುಬ್ಬಚ್ಚಿ ಮತ್ತು ಚುಕ್ಕೆ ಬೆಳವಗಳು ಹೆಚ್ಚಿದವು, ಹುಳು ತಿನ್ನುವ ಸ್ಥಳೀಯ ಗ್ರೇ ವಾರ್ಬ್ಲರ್ ಕಡಿಮೆಯಾಯಿತು. ಆ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಬ್ರಿಸ್ಬೇನ್‌ನಲ್ಲಿ ಹೀಗೆ ಎದ್ದು ಕಾಣುವುದು ನಾಯ್ಸಿ ಮೈನರ್. ಅದು ಅಲ್ಲಿನದೇ ಹಕ್ಕಿಯಾದರೂ ಗುಂಪುಗೂಡಿ ಸಣ್ಣ ಹಕ್ಕಿಗಳನ್ನು ಓಡಿಸುತ್ತದೆ. ನಿಮ್ಮ ತಟ್ಟೆಗೆ ಅದೊಂದೇ ಬರತೊಡಗಿದರೆ ಆಹಾರ ನಿಲ್ಲಿಸಿ, ದಟ್ಟವಾಗಿ ಬೆಳೆಯುವ ಸ್ಥಳೀಯ ಪೊದೆಗಳನ್ನು ನೆಡಿ.

ರಜೆಗೆ ಊರಿಗೆ ಹೊರಟಾಗ ಹಕ್ಕಿಗಳಿಗೆ ತಿನಿಸು ಇಡುವಂತೆ ನೆರೆಯವರನ್ನು ಕೇಳಿಕೊಳ್ಳುವ ಅಗತ್ಯವಿಲ್ಲ. ನೀರಿನ ತಟ್ಟೆಯನ್ನು ಮಾತ್ರ ಮಗುಚಿಟ್ಟು ಹೋಗಬೇಕು, ಇಲ್ಲವಾದರೆ ಹಿಂದಿರುಗುವ ಹೊತ್ತಿಗೆ ಅದರ ತುಂಬ ಸೊಳ್ಳೆಮರಿಗಳಿರುತ್ತವೆ.