ಚುನಾವಣೆಗೆ ತೆರಿಗೆ ಇಳಿಯಿತೇ, ಪಕ್ಷ ಬದಲಾದ್ದಕ್ಕೋ? ಲೆಕ್ಕ ಹಾಕುವ ಬಗೆ

ಪ್ರಾದೇಶಿಕ ಸರ್ಕಾರದ ಒಟ್ಟು ಆದಾಯವನ್ನೇ ಹಿಡಿದು ಕೂತರೆ ಏನೂ ಕಾಣದು. ಕೇಂದ್ರದ ಪಾಲು, ಅನುದಾನ ಕಳೆದು ಸ್ವಂತ ತೆರಿಗೆಯನ್ನಷ್ಟೇ ಇಟ್ಟುಕೊಳ್ಳಿ. ಬೆಲೆ ಏರಿಕೆ ತೆಗೆದು ತಲಾವಾರು ಮಾಡಿ. ಬಜೆಟ್ ಅಂದಾಜು ಬೇಡ, ಅಂತಿಮ ಲೆಕ್ಕವೇ ಬೇಕು; ಚುನಾವಣೆ ಹತ್ತಿರವಾದಾಗ ಅಂದಾಜುಗಳು ಉಬ್ಬುವುದುಂಟು.

ಬಳಿಕ ತೆರಿಗೆಗಳನ್ನು ಬೇರ್ಪಡಿಸಿ: ದರ ನಿಗದಿಯ ಅಧಿಕಾರವೂ ಇರುವಂಥವು, ವಸೂಲಿ ಮಾತ್ರ ಕೈಯಲ್ಲಿರುವಂಥವು. ಎರಡನೆಯದರಲ್ಲಿ ಕುಸಿತ ಕಂಡರೆ ತಪಾಸಣೆಯೋ ಬಾಕಿ ವಸೂಲಿಯೋ ಸಡಿಲಾಗಿದೆಯೇ ನೋಡಿ. ದರ ಇಳಿಸಿದರೆ ಆದೇಶ ಹೊರಡುತ್ತದೆ; ನೋಟಿಸ್ ಕಳಿಸದೆ ಸುಮ್ಮನಿದ್ದರೆ ಆದೇಶವೇ ಇರುವುದಿಲ್ಲ.

ಹೆಚ್ಚಿನವರು ಎಡವುವುದು ಕ್ಯಾಲೆಂಡರಿನಲ್ಲಿ. ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್, ಮತದಾನ ಡಿಸೆಂಬರ್ ಕೊನೆಗೆ ಎನ್ನಿ. ಮತದಾನಕ್ಕೆ ಹಿಂದಿನ 12 ತಿಂಗಳಲ್ಲಿ 9 ಈ ವರ್ಷಕ್ಕೆ, 3 ಹಿಂದಿನ ವರ್ಷಕ್ಕೆ ಸೇರುತ್ತವೆ. ಹಾಗಾಗಿ ಚುನಾವಣಾ ವರ್ಷವನ್ನು ಗುರುತಿಸುವ ಅಂಕಣದಲ್ಲಿ ಈ ವರ್ಷಕ್ಕೆ 1, ಹಿಂದಿನದಕ್ಕೆ 0 ಎನ್ನುವ ಬದಲು 0.75 ಮತ್ತು 0.25 ಬರೆಯಿರಿ. ಏಪ್ರಿಲ್ ಮೊದಲ ವಾರವೇ ಮತದಾನವಾದರೆ ಪರಿಣಾಮ ಬಹುತೇಕ ಹಿಂದಿನ ವರ್ಷದ್ದು. ಅವಧಿಪೂರ್ವ ಚುನಾವಣೆಗಳನ್ನು ಬೇರೆಯಾಗಿಡಿ: ಆದಾಯ ಚೆನ್ನಾಗಿದ್ದಾಗಲೇ ಸರ್ಕಾರ ಜನರ ಮುಂದೆ ಹೋಗಿರಬಹುದು, ಆಗ ಕಾರಣವೂ ಪರಿಣಾಮವೂ ಅದಲುಬದಲು.

ಆಳುವ ಪಕ್ಷದ ಎಡ-ಬಲ ಸಿದ್ಧಾಂತಕ್ಕೆ ಇನ್ನೊಂದು ಅಂಕಣ ಬೇಕು. 1975ರಲ್ಲಿ ಅರ್ಥಶಾಸ್ತ್ರಜ್ಞ ನಾರ್ಡ್‌ಹೌಸ್ ಮಂಡಿಸಿದ್ದು ಆಳುವವರು ಯಾರೇ ಇರಲಿ ಚುನಾವಣೆಗೆ ಮುಂಚೆ ಒಂದೇ ರೀತಿ ವರ್ತಿಸುತ್ತಾರೆ ಎಂಬ ವಾದ. 1977ರಲ್ಲಿ ರಾಜಕೀಯ ವಿಜ್ಞಾನಿ ಹಿಬ್ಸ್ ಹೇಳಿದ್ದು ಪಕ್ಷಕ್ಕೆ ತಕ್ಕ ನೀತಿ ಎಂದು. ಇವೆರಡನ್ನೂ ಒಂದೇ ಅಂಕಣಕ್ಕೆ ತುರುಕಿದರೆ ಯಾವುದೂ ಕೈಗೆ ಸಿಗದು. ಎಡಕ್ಕೆ −1, ಮಧ್ಯಕ್ಕೆ 0, ಬಲಕ್ಕೆ +1 ಕೊಡಿ. ಸಮ್ಮಿಶ್ರ ಸಂಪುಟದ 20 ಸಚಿವರಲ್ಲಿ 12 ಎಡ, 8 ಮಧ್ಯವಾದರೆ ಅಂಕ −0.6. ಹೊಸ ಸರ್ಕಾರದ ಮೊದಲ ವರ್ಷ ನಡೆಯುವುದು ಸಾಮಾನ್ಯವಾಗಿ ಹಳೆಯ ಬಜೆಟ್ ಮೇಲೆ. ಅಂಕವನ್ನು ಒಂದು ವರ್ಷ ಮುಂದೂಡಿ. ಫಲಿತಾಂಶ ನೋಡುವಾಗಲೂ ಮೊತ್ತಕ್ಕಿಂತ ಆಸ್ತಿ, ಮಾರಾಟ, ವಾಹನ ತೆರಿಗೆಗಳ ಪಾಲನ್ನು ಗಮನಿಸಿ. ಒಂದು ಏರಿ ಇನ್ನೊಂದು ಇಳಿದರೆ ಮೊತ್ತ ಕದಲುವುದೇ ಇಲ್ಲ.

ಲೆಕ್ಕಕ್ಕೆ ಪ್ರದೇಶಕ್ಕೊಂದು, ವರ್ಷಕ್ಕೊಂದು ಸ್ಥಿರ ಪರಿಣಾಮ ಸೇರಿಸಿ, ಅಂದರೆ ಒಂದು ಪ್ರದೇಶಕ್ಕೆ ಸದಾ ಇರುವ, ಇಲ್ಲವೇ ಒಂದು ವರ್ಷ ಎಲ್ಲ ಪ್ರದೇಶಗಳಿಗೂ ಸಮಾನವಾದ ವ್ಯತ್ಯಾಸವನ್ನು ಹೀರಿಕೊಳ್ಳುವ ಅಂಶ. ದೋಷದ ಅಂದಾಜು ಪ್ರದೇಶವಾರು ಗುಂಪಿನಲ್ಲಿರಲಿ; ಒಂದೇ ಪ್ರದೇಶದ ಬೇರೆ ಬೇರೆ ವರ್ಷಗಳ ಅಂಕಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎಲ್ಲ ಪ್ರದೇಶಗಳಿಗೂ ಒಂದೇ ದಿನ ಮತದಾನವಾದರೆ ವರ್ಷದ ಸ್ಥಿರ ಪರಿಣಾಮವೇ ಚುನಾವಣೆಯನ್ನು ನುಂಗಿಬಿಡುತ್ತದೆ, ಆಗ ಬೇರೆ ದಾರಿ ಹುಡುಕಬೇಕು.

ಕೊನೆಗೆ ಚುನಾವಣಾ ದಿನಾಂಕಗಳನ್ನು ಬೇಕೆಂದೇ ಎರಡು ವರ್ಷ ಸರಿಸಿ ಮತ್ತೆ ಲೆಕ್ಕ ಹಾಕಿ. ಆಗಲೂ ಅದೇ ಕುಸಿತ ಬಂದರೆ ನೀವು ಹಿಡಿದಿರುವುದು ಚುನಾವಣೆಯನ್ನಲ್ಲ.