25 ಮೈಕ್ರೋಲೀಟರ್ ಸೀರಂನಲ್ಲಿ ಎಂಟು ಸೈಟೋಕೈನ್: ಬೀಡ್ ಅಸ್ಸೇ ಮಾಡುವ ನನ್ನ ಕ್ರಮ

ಒಂದು ಮಿಲಿಲೀಟರ್ ರಕ್ತದಿಂದ ಸಿಗುವ ಸೀರಂ ಹೆಚ್ಚೆಂದರೆ 400ರಿಂದ 500 ಮೈಕ್ರೋಲೀಟರ್. ಡೆಂಗಿ ಬಂದ ಪುಟ್ಟ ಮಗುವಿನಿಂದ ಅದಕ್ಕಿಂತ ಹೆಚ್ಚು ತೆಗೆಯುವ ಹಾಗಿಲ್ಲ, ತೆಗೆಯಲೂಬಾರದು. ಎಂಟು ಸೈಟೋಕೈನ್‌ಗಳಿಗೆ (ರೋಗನಿರೋಧಕ ಕಣಗಳು ಪರಸ್ಪರ ಸುದ್ದಿ ಕಳಿಸುವ ಪ್ರೋಟೀನ್‌ಗಳಿಗೆ) ಎಂಟು ಎಲೈಸಾ, ಅಂದರೆ ಆ್ಯಂಟಿಬಾಡಿಯಿಂದ ಒಂದೊಂದೇ ಪ್ರೋಟೀನ್ ಅಳೆಯುವ ಪರೀಕ್ಷೆ, ಹಾಕಿದರೆ ವೆಲ್‌ಗೆ (ತಟ್ಟೆಯ ಒಂದು ಗುಳಿಗೆ) 100, ಡೂಪ್ಲಿಕೇಟ್‌ಗೆ 200, ಒಟ್ಟು 1,600 ಮೈಕ್ರೋಲೀಟರ್ ಬೇಕು. ಲೆಕ್ಕ ಅಲ್ಲೇ ಕೈಕೊಡುತ್ತದೆ. ಲುಮಿನೆಕ್ಸ್ ಎಂಬ ಯಂತ್ರ ಓದುವ ಸೂಕ್ಷ್ಮ ಬೀಡ್‌ಗಳಲ್ಲಿ ಅದೇ ಎಂಟಕ್ಕೂ ಸೇರಿ ವೆಲ್‌ಗೆ 25 ಮೈಕ್ರೋಲೀಟರ್ ಸೀರಂ ಸಾಕು.

ತತ್ವ ಎಲೈಸಾದ್ದೇ. ತಟ್ಟೆಯ ತಳದ ಬದಲು 6.5 ಮೈಕ್ರಾನ್ ಗಾತ್ರದ ಕಾಂತೀಯ ಬೀಡ್ ಮೇಲೆ, ಪ್ರೋಟೀನನ್ನು ಹಿಡಿಯುವ ಕ್ಯಾಪ್ಚರ್ ಆ್ಯಂಟಿಬಾಡಿ ಕೂರುತ್ತದೆ. ಹಿಡಿದ ಪ್ರೋಟೀನಿಗೆ ಡಿಟೆಕ್ಷನ್ ಆ್ಯಂಟಿಬಾಡಿ ಅಂಟುತ್ತದೆ, ಅದರ ಮೇಲೆ ಹೊಳೆಯುವ ಬಣ್ಣವಾದ ಫೈಕೋಎರಿಥ್ರಿನ್. ಬೀಡ್ ಒಳಗೆ ಎರಡು ಬಣ್ಣಗಳ ಬೇರೆ ಬೇರೆ ಪ್ರಮಾಣದ ಮಿಶ್ರಣವಿದ್ದು, ಪ್ರತಿ ಮಿಶ್ರಣಕ್ಕೂ ಒಂದು ನಂಬರು. ಯಂತ್ರದ 635 ನ್ಯಾನೋಮೀಟರ್ ಲೇಸರ್ ಬೀಡ್ ಯಾವುದೆಂದು ಗುರುತಿಸುತ್ತದೆ, 532 ನ್ಯಾನೋಮೀಟರ್ ಲೇಸರ್ ಅದರ ಮೇಲೆ ಕೂತ ಫೈಕೋಎರಿಥ್ರಿನ್ ಎಷ್ಟೆಂದು ಅಳೆಯುತ್ತದೆ. ನಮಗೆ ಸಿಗುವುದು ಪ್ರತಿ ನಂಬರಿನ ಬೀಡ್‌ಗಳ ಮಧ್ಯಾಂಕ ಹೊಳಪು, ಅಂದರೆ ಎಂಎಫ್‌ಐ.

ಬಹುತೇಕ ಸೋಲುಗಳು ಪ್ಲೇಟ್ ಮುಟ್ಟುವ ಮೊದಲೇ, ಪ್ಯಾನೆಲ್, ಅಂದರೆ ಒಟ್ಟಿಗೆ ಅಳೆಯುವ ಪ್ರೋಟೀನ್‌ಗಳ ಗುಂಪು, ಆರಿಸುವಾಗಲೇ ಆಗಿಹೋಗಿರುತ್ತವೆ. ಯಾವ ಪ್ರೋಟೀನ್ ಯಾವುದರ ಜೊತೆ ಒಂದೇ ವೆಲ್‌ನಲ್ಲಿ ಬಾಳಬಲ್ಲದು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಆರೋಗ್ಯವಂತರ ಸೀರಂನಲ್ಲಿ ಐಎಲ್-6 (ಇಂಟರ್‌ಲ್ಯೂಕಿನ್-6 ಎಂಬ ಸೈಟೋಕೈನ್) ಸಾಮಾನ್ಯವಾಗಿ ಮಿಲಿಲೀಟರಿಗೆ 10 ಪಿಕೋಗ್ರಾಂ ಒಳಗೆ. ಉರಿಯೂತದಲ್ಲಿ ಏರುವ ಸಿಆರ್‌ಪಿ ಎಂಬ ಪ್ರೋಟೀನ್ ಲೀಟರಿಗೆ 3 ಮಿಲಿಗ್ರಾಂ ಇದ್ದರೂ ಅದು ಮಿಲಿಲೀಟರಿಗೆ 30 ಲಕ್ಷ ಪಿಕೋಗ್ರಾಂ. ಸಿಆರ್‌ಪಿಗೆ ಸಾವಿರಾರು ಪಟ್ಟು ಡೈಲ್ಯೂಟ್ ಮಾಡಿದರೆ ಐಎಲ್-6 ಕಾಣುವುದೇ ಇಲ್ಲ. ಐಎಲ್-6ಗೆ ಒಪ್ಪುವ 1:2ರಲ್ಲಿ (ಅರ್ಧ ಸೀರಂ, ಅರ್ಧ ಬಫರ್) ಸಿಆರ್‌ಪಿ ಬೀಡ್ ತುಂಬಿ ತುಳುಕಿ, ಹೊಳಪನ್ನು ಪ್ರಮಾಣಕ್ಕೆ ತಿರುಗಿಸುವ ಕರ್ವ್‌ನ ಚಪ್ಪಟೆ ತುದಿಗೆ ಹೋಗಿ ನಿಲ್ಲುತ್ತದೆ. ಇವೆರಡಕ್ಕೆ ಬೇರೆ ಬೇರೆ ಪ್ಲೇಟ್ ಬೇಕೇ ಬೇಕು, ಬೇರೆ ದಾರಿಯಿಲ್ಲ.

ಎರಡನೆಯದು ನಂಟಸ್ತಿಕೆ. ಐಎಲ್-12ರ ಪಿ70 ರೂಪದಲ್ಲಿ ಪಿ35 ಮತ್ತು ಪಿ40 ಎಂಬ ಎರಡು ತುಂಡುಗಳಿವೆ. ಅದೇ ಪಿ40 ಐಎಲ್-23ರಲ್ಲೂ ಇದೆ, ಬಿಡಿಯಾಗಿಯೂ ಓಡಾಡುತ್ತದೆ. ಪಿ40ಗೆ ಅಂಟುವ ಡಿಟೆಕ್ಷನ್ ಆ್ಯಂಟಿಬಾಡಿ ಮಿಶ್ರಣದಲ್ಲಿದ್ದರೆ ಯಾರ ಸಿಗ್ನಲ್ ಯಾರದ್ದೆಂದು ಹೇಳಲಾಗದು. ಇನ್ನೊಂದು ಸೈಟೋಕೈನ್ ಆದ ಟಿಎನ್‌ಎಫ್-ಆಲ್ಫಾ ಅಳೆಯುವಾಗ ಸೀರಂನಲ್ಲಿ ಕರಗಿರುವ ಅದರ ರಿಸೆಪ್ಟರ್‌ಗಳು ಅದನ್ನು ಹಿಡಿದು ಮರೆಮಾಡಬಹುದು ಎನ್ನುವುದೂ ನೆನಪಿರಲಿ.

ಹೊಂದಾಣಿಕೆ ಪರೀಕ್ಷಿಸಲು ಮೂರು ಓಟ ಮಾಡುತ್ತೇನೆ. ಎಲ್ಲ ಬೀಡ್, ಎಲ್ಲ ಡಿಟೆಕ್ಷನ್ ಆ್ಯಂಟಿಬಾಡಿ ಹಾಕಿ ಒಂದೇ ಒಂದು ಪ್ರೋಟೀನ್ ಸೇರಿಸುವುದು ಮೊದಲನೆಯದು. ಎಂಟು ಪ್ರೋಟೀನ್‌ಗೂ ಹೀಗೆ ಎಂಟು ಸಲ. ಬಳಿಕ ಎಲ್ಲ ಪ್ರೋಟೀನ್ ಹಾಕಿ ಡಿಟೆಕ್ಷನ್ ಆ್ಯಂಟಿಬಾಡಿ ಮಾತ್ರ ಒಂದೊಂದೇ. ಕೊನೆಗೆ ಒಂದೊಂದು ಪ್ರೋಟೀನನ್ನು ಬಿಟ್ಟು ಉಳಿದ ಏಳನ್ನೂ ಹಾಕುವುದು. ಸಂಬಂಧವಿಲ್ಲದ ಬೀಡ್‌ನಲ್ಲಿ ಸ್ವಂತ ಸಿಗ್ನಲ್‌ನ ಶೇ 1ಕ್ಕಿಂತ ಕಡಿಮೆ ಕಂಡರೆ ನೆಮ್ಮದಿ. ಶೇ 5 ದಾಟಿದರೆ ಆ ಜೋಡಿಯನ್ನು ಬೇರ್ಪಡಿಸುತ್ತೇನೆ. ಕೊಂಡು ತಂದ ಕಿಟ್‌ನಲ್ಲಿ ಇದನ್ನೆಲ್ಲ ತಯಾರಕರೇ ಮಾಡಿರುತ್ತಾರೆ, ಆದರೆ ಕಿಟ್‌ಗೆ ನಮ್ಮದೊಂದು ಬೀಡ್ ಸೇರಿಸಿದ ಕ್ಷಣ ಆ ಖಾತ್ರಿ ಹೋಯಿತು.

ಸ್ವಂತ ಬೀಡ್‌ಗೆ ಆ್ಯಂಟಿಬಾಡಿ ಜೋಡಿಸಲು 50 ಲಕ್ಷ ಬೀಡ್ ತೆಗೆದುಕೊಳ್ಳುತ್ತೇನೆ. ಮಿಲಿಲೀಟರಿಗೆ 1.25 ಕೋಟಿ ಬೀಡ್ ಇರುವ ಸ್ಟಾಕ್‌ನಲ್ಲಿ ಅದು 400 ಮೈಕ್ರೋಲೀಟರ್. ವೆಲ್‌ಗೆ 2,500 ಬೀಡ್ ಲೆಕ್ಕದಲ್ಲಿ ಸುಮಾರು 20 ಪ್ಲೇಟಿಗೆ ಆಗುತ್ತದೆ. ಮ್ಯಾಗ್ನೆಟ್‌ಗೆ ಹಿಡಿದು ತೊಳೆದು, ಪಿಎಚ್ 6.2ರ 0.1 ಮೋಲಾರ್ ಸೋಡಿಯಂ ಫಾಸ್ಫೇಟ್ 80 ಮೈಕ್ರೋಲೀಟರ್, ಮಿಲಿಲೀಟರಿಗೆ 50 ಮಿಲಿಗ್ರಾಂನ ಸಲ್ಫೋ-ಎನ್‌ಎಚ್‌ಎಸ್ 10, ಅಷ್ಟೇ ಗಟ್ಟಿಯ ಇಡಿಸಿ 10 (ಇವೆರಡೂ ಬೀಡ್ ಮೇಲ್ಮೈಯನ್ನು ಆ್ಯಂಟಿಬಾಡಿ ಅಂಟಲು ಸಿದ್ಧಮಾಡುವ ರಾಸಾಯನಿಕಗಳು) ಸೇರಿಸಿ 20 ನಿಮಿಷ ಕತ್ತಲಲ್ಲಿ ಇಡುತ್ತೇನೆ. ಪಿಎಚ್ 5ರ 50 ಮಿಲಿಮೋಲಾರ್ ಎಂಇಎಸ್ ಬಫರ್‌ನಲ್ಲಿ ಎರಡು ಸಲ ತೊಳೆದು, ಅದೇ ಬಫರ್‌ನ 500 ಮೈಕ್ರೋಲೀಟರಿನಲ್ಲಿ 25 ಮೈಕ್ರೋಗ್ರಾಂ ಆ್ಯಂಟಿಬಾಡಿ ಹಾಕಿ ಎರಡು ಗಂಟೆ ತಿರುಗಿಸುತ್ತೇನೆ. ಆಮೇಲೆ ಬಿಎಸ್‌ಎ (ದನದ ಸೀರಂನ ಅಲ್ಬುಮಿನ್ ಪ್ರೋಟೀನ್) ಇರುವ ಪಿಬಿಎಸ್ ಎಂಬ ಫಾಸ್ಫೇಟ್ ಉಪ್ಪುದ್ರಾವಣದಲ್ಲಿ, ಖಾಲಿ ಉಳಿದ ಜಾಗ ಮುಚ್ಚುವಂತೆ ಬ್ಲಾಕ್ ಮಾಡಿ, 4 ಡಿಗ್ರಿಯಲ್ಲಿ, ಕತ್ತಲಲ್ಲಿ ಸಂಗ್ರಹ. ಫ್ರೀಜರ್‌ಗೆ ಹಾಕಲೇಬಾರದು.

ಜೋಡಣೆ ಹಿಡಿಯದಿದ್ದರೆ ಮೊದಲು ಆ್ಯಂಟಿಬಾಡಿ ಬಾಟಲಿಯ ಲೇಬಲ್ ಓದಬೇಕು. ಟ್ರಿಸ್, ಗ್ಲೈಸಿನ್, ಅಜೈಡ್, ಬಿಎಸ್‌ಎ ಯಾವುದಿದ್ದರೂ ಬೀಡ್ ಮೇಲಿನ ಜಾಗಕ್ಕೆ ಪೈಪೋಟಿ ಮಾಡುತ್ತವೆ ಅಥವಾ ಕ್ರಿಯೆಯನ್ನೇ ಕೆಡಿಸುತ್ತವೆ. ಎರಡನೇ ಅನುಮಾನ ಇಡಿಸಿ ಮೇಲೆ. ಅದು ತೇವ ಹೀರುವ ಪುಡಿ. ಜುಲೈ–ಆಗಸ್ಟ್‌ನ ಬೆಂಗಳೂರಿನ ಗಾಳಿಯಲ್ಲಿ, ಮೈನಸ್ 20ರಿಂದ ತೆಗೆದ ಬಾಟಲಿಯನ್ನು ತಣ್ಣಗಿರುವಾಗಲೇ ತೆರೆದರೆ ಒಳಗೋಡೆಯ ಮೇಲೆ ಬೆವರು ಕೂರುತ್ತದೆ. ಪುಡಿ ಸ್ಪ್ಯಾಚುಲಾದಿಂದ ಸಣ್ಣ ರವೆಯಂತೆ ಉದುರಬೇಕು. ಒದ್ದೆ ಸಕ್ಕರೆಯಂತೆ ಗಂಟು ಕಟ್ಟಿದ್ದರೆ ಬಿಸಾಡುವುದೇ ಸರಿ. ನಾನು 10 ಮಿಲಿಗ್ರಾಂನ ಒಂದೇ ಬಳಕೆಯ ಸಣ್ಣ ಸೀಸೆಗಳನ್ನೇ ತರಿಸುತ್ತೇನೆ. ಕರಗಿಸಿದ ಕೂಡಲೇ ಬಳಸಬೇಕು, ಉಳಿದದ್ದನ್ನು ಇಟ್ಟುಕೊಳ್ಳುವಂತಿಲ್ಲ.

ಸ್ಯಾಂಪಲ್ ವಿಷಯದಲ್ಲಿ ಈ ಊರಿನ ದಾರಿಯೂ ಲೆಕ್ಕಕ್ಕೆ ಬರುತ್ತದೆ. ರಕ್ತವನ್ನು ಹಾಗೇ ಟ್ಯೂಬಿನಲ್ಲಿ ಕಳಿಸಿ, ಅದು ಹೆಬ್ಬಾಳ ಫ್ಲೈಓವರ್ ಬಳಿ ಒಂದೂವರೆ ಗಂಟೆ ನಿಂತರೆ ರಕ್ತಕಣಗಳು ಸುಮ್ಮನೆ ಕೂರುವುದಿಲ್ಲ, ಐಎಲ್-8 ಏರಿಬಿಡುತ್ತದೆ. ಆಸ್ಪತ್ರೆಯಲ್ಲೇ 30 ನಿಮಿಷ ಹೆಪ್ಪುಗಟ್ಟಿಸಿ, 1,500 ಜಿಯಲ್ಲಿ 10 ನಿಮಿಷ ತಿರುಗಿಸಿ, ಸೀರಂ ಬೇರ್ಪಡಿಸಿ, 70 ಮೈಕ್ರೋಲೀಟರಿನ ಪಾಲು ಮಾಡಿ ಡ್ರೈ ಐಸ್‌ನಲ್ಲೇ ಬರಬೇಕು. ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನ್ ಅಳೆಯುವುದಾದರೆ ಸೀರಂ ಬೇಡ, ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಪ್ಲಾಸ್ಮಾ ತೆಗೆದುಕೊಳ್ಳಿ: ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಅದನ್ನು ಹೊರಚೆಲ್ಲುತ್ತವೆ. ಎರಡನ್ನೂ ಒಂದೇ ಅಧ್ಯಯನದಲ್ಲಿ ಬೆರೆಸಬಾರದು.

ಪ್ಲೇಟ್ ದಿನ ಸೀರಂ ಐಸ್ ಮೇಲೆ ಕರಗಿಸಿ 10,000 ಜಿಯಲ್ಲಿ 5 ನಿಮಿಷ ತಿರುಗಿಸುತ್ತೇನೆ. ಮೇಲೆ ಕೊಬ್ಬಿನ ತೆಳು ಕೆನೆ, ಕೆಳಗೆ ಫೈಬ್ರಿನ್ ನೂಲು; ಟಿಪ್ ಇವೆರಡರ ನಡುವಿಗೆ ಇಳಿಯಬೇಕು. ಪ್ರಮಾಣ ಗೊತ್ತಿರುವ ಪ್ರೋಟೀನ್ ದ್ರಾವಣ, ಅಂದರೆ ಸ್ಟ್ಯಾಂಡರ್ಡ್, ಮಿಲಿಲೀಟರಿಗೆ 10,000 ಪಿಕೋಗ್ರಾಂನಿಂದ ಶುರುವಾಗಿ ನಾಲ್ಕು ಪಟ್ಟಿನ ಇಳಿಕೆ, 50ಕ್ಕೆ 150 ಮೈಕ್ರೋಲೀಟರ್ ಬಫರ್, ಏಳು ಹಂತ. ಕೊನೆಯದು ಸುಮಾರು 2.4. ಪ್ರತಿ ಹಂತಕ್ಕೂ ಹೊಸ ಟಿಪ್. ಸ್ಟ್ಯಾಂಡರ್ಡ್‌ಗೆ 14, ಬ್ಲಾಂಕ್‌ಗೆ 2, ಕಂಟ್ರೋಲ್‌ಗೆ 4 ವೆಲ್ ಹೋಗಿ 76 ಉಳಿಯುತ್ತವೆ, ಅಂದರೆ 38 ಸ್ಯಾಂಪಲ್. ರೋಗಿಗಳನ್ನು ಒಂದು ಪ್ಲೇಟ್‌ಗೆ, ಆರೋಗ್ಯವಂತರನ್ನು ಇನ್ನೊಂದಕ್ಕೆ ಹಾಕಿದರೆ ಕಾಣುವ ವ್ಯತ್ಯಾಸ ರೋಗದ್ದೋ ಪ್ಲೇಟಿನದ್ದೋ ಗೊತ್ತಾಗುವುದಿಲ್ಲ. ಬೆರೆಸಿಯೇ ಹಾಕಬೇಕು.

ಬೀಡ್ 50 ಮೈಕ್ರೋಲೀಟರ್, 1:2 ಡೈಲ್ಯೂಟ್ ಮಾಡಿದ ಸ್ಯಾಂಪಲ್ 50. ಫಾಯಿಲ್ ಮುಚ್ಚಿ ಶೇಕರ್‌ನಲ್ಲಿ 800 ಆರ್‌ಪಿಎಂ, ಎರಡು ಗಂಟೆ. ಬಯೋಟಿನ್ ಅಂಟಿಸಿದ ಡಿಟೆಕ್ಷನ್ ಆ್ಯಂಟಿಬಾಡಿ ಒಂದು ಗಂಟೆ, ಸ್ಟ್ರೆಪ್ಟಾವಿಡಿನ್-ಫೈಕೋಎರಿಥ್ರಿನ್ 30 ನಿಮಿಷ. ನಡುನಡುವೆ ಮ್ಯಾಗ್ನೆಟ್ ಮೇಲೆ ಒಂದು ನಿಮಿಷ ಕೂರಿಸಿ, ಮ್ಯಾಗ್ನೆಟ್ ಬಿಗಿಯಾಗಿ ಹಿಡಿದೇ ಮಗುಚಿ ತೊಳೆಯುವುದು. ಆ ಒಂದು ನಿಮಿಷವನ್ನು ಇಪ್ಪತ್ತು ಸೆಕೆಂಡಿಗೆ ಇಳಿಸಿದರೆ ಬೀಡ್ ಸಿಂಕ್ ಪಾಲು.

ಎಂಟರ ಜೊತೆ ಒಂಬತ್ತನೆಯದಾಗಿ ಬಿಎಸ್‌ಎ ಮಾತ್ರ ಅಂಟಿಸಿದ ಬೀಡ್ ಒಂದನ್ನು ಪ್ರತಿ ವೆಲ್‌ಗೂ ಹಾಕುತ್ತೇನೆ. ಇದನ್ನು ಯಾರೂ ಬಿಡಬಾರದು ಎಂದು ನನ್ನ ಕಳಕಳಿಯ ಮಾತು. ಆ ಬೀಡ್ ಹೊಳೆದರೆ ಆ ಸೀರಂನಲ್ಲಿ ಏನೋ ಸಿಕ್ಕಸಿಕ್ಕಲ್ಲಿ ಅಂಟುತ್ತಿದೆ ಎಂದರ್ಥ, ಅದರ ಎಂಟೂ ಸಂಖ್ಯೆಗಳನ್ನು ನಂಬುವಂತಿಲ್ಲ. ಹಾಗೆಂದು ಅದು ಕತ್ತಲಾಗಿದ್ದರೆ ಎಲ್ಲವೂ ಸರಿ ಎಂದಲ್ಲ. ಕೆಲವರ ರಕ್ತದಲ್ಲಿರುವ, ಬೇರೆ ಆ್ಯಂಟಿಬಾಡಿಗಳಿಗೇ ಅಂಟುವ ರುಮಟಾಯ್ಡ್ ಫ್ಯಾಕ್ಟರ್ ಎರಡು ಆ್ಯಂಟಿಬಾಡಿಗಳನ್ನು ತಾನೇ ಸೇತುವೆಯಾಗಿ ಜೋಡಿಸುವುದನ್ನು ಹಿಡಿಯಲು ಇಲಿಯ ಐಜಿಜಿ (ಸಾಮಾನ್ಯ ಆ್ಯಂಟಿಬಾಡಿ) ಅಂಟಿಸಿದ ಇನ್ನೊಂದು ಬೀಡ್ ಬೇಕು. ತಡೆಯಲು ಬಫರ್‌ಗೆ ಇಲಿಯ ಐಜಿಜಿ ಸೇರಿಸಬೇಕು.

ಓದುವಾಗ ಯಂತ್ರಕ್ಕೆ 30 ನಿಮಿಷ ಬೆಚ್ಚಗಾಗಲು ಬಿಡಿ. ಕ್ಯಾಲಿಬ್ರೇಷನ್ ಮಾಡಿದಾಗಿನ ತಾಪಕ್ಕಿಂತ 3 ಡಿಗ್ರಿ ಆಚೀಚೆ ಆದರೆ ಮತ್ತೆ ಕ್ಯಾಲಿಬ್ರೇಟ್ ಮಾಡಬೇಕು: ಡಿಟೆಕ್ಟರ್‌ಗಳು ತಾಪಕ್ಕೆ ತಕ್ಕಂತೆ ಬದಲಾಗಿ, ಪರದೆಯಲ್ಲಿ ಬೀಡ್‌ಗಳ ಚುಕ್ಕೆಗುಂಪು ತನ್ನ ಗೆರೆಯಿಂದ ಜಾರುತ್ತದೆ. ಏಪ್ರಿಲ್‌ನಲ್ಲಿ ಬೆಳಗ್ಗೆ ಎಂಟಕ್ಕೆ ಕಿಟಕಿ ತೆರೆದಿಟ್ಟು ಕ್ಯಾಲಿಬ್ರೇಟ್ ಮಾಡಿ ಮಧ್ಯಾಹ್ನ ಮೂರಕ್ಕೆ ಓದಿದರೆ ಇದು ಆಗಿಯೇ ಆಗುತ್ತದೆ. ಎಸಿ ದಿನವಿಡೀ ಒಂದೇ ಮಟ್ಟದಲ್ಲಿರಲಿ, ಯಂತ್ರ ಯುಪಿಎಸ್ ಮೇಲಿರಲಿ.

ಪ್ರತಿ ನಂಬರಿಗೂ ಕನಿಷ್ಠ 50 ಬೀಡ್ ಎಣಿಕೆಯಾಗಬೇಕು. ಎಲ್ಲ ವೆಲ್‌ಗಳಲ್ಲೂ ಕಡಿಮೆ ಬಂದರೆ ಯಂತ್ರದ ಹೀರುವ ಸೂಜಿಯ ಎತ್ತರ ತಪ್ಪಿದೆ ಅಥವಾ ಅದು ಕಟ್ಟಿದೆ. ಬಿಚ್ಚಿ ಸೋನಿಕೇಟ್ ಮಾಡಿ. ಕೆಲವೇ ವೆಲ್‌ಗಳಲ್ಲಿ ಕಡಿಮೆಯಾದರೆ ಆ ಸೀರಂನ ಕೊಬ್ಬೇ ಕಾರಣವಿರಬಹುದು. ಶೇಕರ್‌ಗೆ ಹಾಕಿ ಐದು ನಿಮಿಷದ ನಂತರ ಮತ್ತೆ ಓದಿದರೆ ಎಷ್ಟೋ ಸಲ ಸರಿಯಾಗುತ್ತದೆ.

ಕರ್ವ್‌ಗೆ ಐದು ಪ್ಯಾರಾಮೀಟರ್‌ನ ಲಾಜಿಸ್ಟಿಕ್ (ಎಸ್ ಆಕಾರದ ಗೆರೆ ಕೂರಿಸುವ ಸೂತ್ರ), ತೂಕ ಸೇರಿಸಿ. ಸ್ಟ್ಯಾಂಡರ್ಡನ್ನೇ ಕರ್ವ್‌ನಿಂದ ಮತ್ತೆ ಲೆಕ್ಕ ಹಾಕಿದಾಗ ಅದರ ನಿಜ ಪ್ರಮಾಣದ ಶೇ 80ರಿಂದ 120ರೊಳಗೆ ಬರದ ಹಂತವನ್ನು ಬಳಸುವುದಿಲ್ಲ, ಅಲ್ಲಿಗೆ ಆ ಪ್ರೋಟೀನಿನ ಅಳತೆಯ ಮಿತಿ ನಿಂತಿತು. ಡೂಪ್ಲಿಕೇಟ್‌ಗಳ ಸಿವಿ (ಅಳತೆಗಳ ಏರುಪೇರು, ಸರಾಸರಿಯ ಶೇಕಡಾವಾರು) ಶೇ 15 ದಾಟಿದರೆ ಮತ್ತೆ ಓಡಿಸುತ್ತೇನೆ. ಕೆಳಮಿತಿಗಿಂತ ಕಡಿಮೆ ಬಂದದ್ದಕ್ಕೆ ಸೊನ್ನೆ ಬರೆಯುವುದಿಲ್ಲ. "ಮಿತಿಗಿಂತ ಕಡಿಮೆ" ಎಂದು ಬರೆದು, ಪಕ್ಕದಲ್ಲೇ ಆ ಪ್ಲೇಟಿನ ಮಿತಿ ಎಷ್ಟೆಂದು ನಮೂದಿಸುತ್ತೇನೆ.